ಮನೆಗಿಂತ ಮೊದಲು ಮಳೆ ನೋಡು

ಧಾರವಾಡ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಹವಾಯಿಯ ದೊಡ್ಡ ದ್ವೀಪದಲ್ಲಿ ರಜೆಗೆಂದು ಮನೆ ತಗೊಳ್ಳುವ ವಿಚಾರ ಓದಿ ಖುಷಿಯಾಯಿತು. ಮೂರೂ ಮನೆಗಳ ಫೋಟೊ ನಾನೂ ನಿನ್ನ ಅಪ್ಪನೂ ನೋಡಿದೆವು. ಬೇಡ ಅನ್ನುವುದಿಲ್ಲ. ಆದರೆ ಮೂರನ್ನೂ ನೀನು ಬರೀ ಬೆಲೆಯಲ್ಲಿ ಹೋಲಿಸಿದ್ದೀಯ. ಪೂರ್ವದ ಹಿಲೋದ ಮನೆಯನ್ನೂ ಪಶ್ಚಿಮದ ಕೋನಾದ ಮನೆಯನ್ನೂ ಹಾಗೆ ಹೋಲಿಸಲು ಬರುವುದಿಲ್ಲ.

ನಿನ್ನ ಅಪ್ಪನ ಊರು ಕಲಘಟಗಿ ಕಡೆ, ನನ್ನ ತವರು ನವಲಗುಂದ. ಜಿಲ್ಲೆ ಒಂದೇ. ಆ ಕಡೆ ಗದ್ದೆಯಲ್ಲಿ ನೀರು ನಿಂತಿರುವಾಗ ಈ ಕಡೆ ಎರೆಹೊಲದವರು ಮುಗಿಲು ನೋಡುತ್ತಾ ಕೂತಿರುತ್ತಾರೆ. ಆ ದ್ವೀಪದಲ್ಲೂ ಇದೇ ಕತೆ, ಇನ್ನೂ ಜೋರು. ವರ್ಷದ ಬಹುಪಾಲು ಗಾಳಿ ಈಶಾನ್ಯದಿಂದ ಬೀಸುತ್ತದೆ. ಅಡ್ಡ ನಿಂತಿರುವುದು 4,000 ಮೀಟರ್ ದಾಟಿದ ಎರಡು ಪರ್ವತ, ಮೌನಾ ಕೇಯಾ ಮತ್ತು ಮೌನಾ ಲೋವಾ. ಮೋಡ ಪೂರ್ವದಲ್ಲೇ ಖಾಲಿಯಾಗುತ್ತದೆ. ಹಿಲೋದಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಪಶ್ಚಿಮದ ಕವಾಯ್‌ಹಾಯೆಯಲ್ಲಿ 300 ಮಿ.ಮೀ. ಕೂಡ ಇಲ್ಲ. ಎತ್ತರದ ವೈಮೇಯಾದಲ್ಲಿ ಹುಲ್ಲುಗಾವಲು, ದನಗಳು, ಥಂಡಿ. ಮೌನಾ ಕೇಯಾದ ನೆತ್ತಿಯ ಮೇಲೆ ಚಳಿಗಾಲದಲ್ಲಿ ಹಿಮವೇ ಬೀಳುತ್ತದೆ.

ನಿನ್ನದು ವರ್ಷದಲ್ಲಿ ಕೆಲವೇ ವಾರ ಬಾಗಿಲು ತೆಗೆಯುವ ಮನೆ. ಹಿಲೋದಲ್ಲಿ ಬೀಗ ಹಾಕಿಟ್ಟರೆ ಗೋಡೆ, ಹಾಸಿಗೆ ಎಲ್ಲ ಬೂಷ್ಟು ಹಿಡಿಯುತ್ತದೆ. ಕಿಟಕಿ ತೆಗೆದು ಗಾಳಿಯಾಡಿಸುವವರು ಯಾರು?

ದ್ವೀಪದ ಆಗ್ನೇಯದ ಪುನಾದಲ್ಲಿರುವ ಮೂರನೆಯ ಮನೆ ಅಗ್ಗ ಎಂದು ಬರೆದಿದ್ದೀಯ. ಅದೇ ನನಗೆ ಚಿಂತೆ. ಲಾವಾ ಅಪಾಯ ನೋಡಿ ದ್ವೀಪವನ್ನು 1ರಿಂದ 9ರವರೆಗೆ ವಲಯ ಮಾಡಿದ್ದಾರೆ. 1 ಎಂದರೆ ಅತಿ ಅಪಾಯ. 2018ರಲ್ಲಿ ಕಿಲವೇಯಾ ಜ್ವಾಲಾಮುಖಿ ಸಿಡಿದಾಗ ಕೆಳಗಿನ ಪುನಾದಲ್ಲಿ ಸುಮಾರು 700 ಮನೆ ಹೋದವು. 1, 2ನೇ ವಲಯದಲ್ಲಿ ವಿಮೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅಲ್ಲಿ ಎಷ್ಟೋ ಮನೆಗಳಿಗೆ ನಳವೂ ಇಲ್ಲ, ಛಾವಣಿಯ ಮಳೆನೀರನ್ನೇ ಟ್ಯಾಂಕಿಗೆ ತುಂಬಿಸಿಕೊಳ್ಳುತ್ತಾರೆ. ಕೆರೆ ನೀರು ಹೊತ್ತು ಬೆಳೆದವಳು ನಾನು. ನೀರಿನ ಮಾತು ಮೊದಲು ಮುಗಿಸು ಮಗಳೆ.

ಕೋನಾ ಬಿಸಿಲಿನ ಊರು, ನನಗೂ ಅದೇ ಇಷ್ಟ. ಆದರೆ ಕಿಲವೇಯಾ ಉಗುಳಿದ ಹೊಗೆ ಗಾಳಿಯ ಜೊತೆ ಸುತ್ತಿ ಬಂದು ಆ ಕಡೆಯೇ ನಿಲ್ಲುತ್ತದಂತೆ. ನಿನ್ನ ಅಪ್ಪನಿಗೆ ಉಬ್ಬಸ, ಗೊತ್ತಲ್ವಾ. ನಮ್ಮನ್ನೂ ಕರೆಸಿಕೊಳ್ಳುತ್ತೇನೆ ಎಂದಿದ್ದೀಯ, ಅದಕ್ಕೇ ಹೇಳುತ್ತಿದ್ದೇನೆ.

ಜಾಗ ಸ್ವಂತದ್ದೋ ಲೀಸಿನದೋ ಕೇಳು. ನೀನಿಲ್ಲದಾಗ ಪ್ರವಾಸಿಗರಿಗೆ ಬಾಡಿಗೆ ಕೊಡುವ ಲೆಕ್ಕವಿದ್ದರೆ, ಅದಕ್ಕೆ ಎಲ್ಲ ಕಡೆ ಅನುಮತಿ ಇಲ್ಲ, ನೆನಪಿರಲಿ.

ಕೊಳ್ಳುವ ಮೊದಲು ಮಳೆಗಾಲದಲ್ಲಿ ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ಹಿಲೋದಲ್ಲಿ ನವೆಂಬರ್‌ನಿಂದ ಮಾರ್ಚ್ ತನಕ ಮಳೆ ಹೆಚ್ಚು. ಕೋನಾದ ಕಾಫಿ ಇಳಿಜಾರಿನಲ್ಲಿ ಉಲ್ಟಾ, ಬೇಸಿಗೆಯಲ್ಲೇ ಮಳೆ. ಅಲ್ಲಿಯ ತನಕ ಮುಂಗಡ ಕೊಡಬೇಡ. ಮೂರೂ ಮನೆಗಳ ವಲಯದ ನಂಬರ್, ನೀರಿನ ವ್ಯವಸ್ಥೆ ಬರೆದು ಕಳಿಸು. ಅಪ್ಪ ಕಾಯುತ್ತಿದ್ದಾರೆ. ಅಳಿಯಂದಿರಿಗೂ ಆಶೀರ್ವಾದ ತಿಳಿಸು.

ನಿನ್ನ ಅವ್ವ