ಆ ಹನ್ನೊಂದು ಗಂಟೆಗಳನ್ನು ಹುಡುಕಿಕೊಟ್ಟವರಿಗೆ

ಹದಿನಾಲ್ಕು ವರ್ಷಗಳ ನಂತರ ಮತ್ತೆ ಕಾಲೇಜಿಗೆ ಸೇರಿದ ನನಗೆ ಮೊದಲ ಸೆಮಿಸ್ಟರಿನಲ್ಲೇ ಓದು ಬಿಟ್ಟುಬಿಡುವ ಮನಸ್ಸಾಗಿತ್ತು. ಅಂದು ಕಚೇರಿ ಮುಗಿಸಿ ಗ್ರಂಥಾಲಯಕ್ಕೆ ಬಂದು, ಸಂಖ್ಯಾಶಾಸ್ತ್ರದ ಒಂದೇ ಪುಟವನ್ನು ಮೂರನೆಯ ಬಾರಿ ಓದುತ್ತ, ನಡುನಡುವೆ ಮಗಳ ಜ್ವರ ಇಳಿಯಿತೇ ಎಂದು ಮನೆಗೆ ಫೋನ್ ಮಾಡುತ್ತ ಕುಳಿತಿದ್ದಾಗ, ಎದುರಿನ ಕುರ್ಚಿಯಲ್ಲಿದ್ದ ತಾವು ಪೆನ್ನಿನ ಮುಚ್ಚಳ ತೆಗೆದು, ನಾನು ತಪ್ಪಾಗಿ ತುಂಬಿ ಬದಿಗಿಟ್ಟಿದ್ದ ಅರ್ಜಿಯ ಹಿಂಬದಿಯಲ್ಲಿ 168 ಎಂದು ಬರೆದಿರಿ. ವಾರವೊಂದಕ್ಕೆ ಇರುವ ಗಂಟೆಗಳು ಅವು. ಅದರಲ್ಲಿ ಕೆಲಸಕ್ಕೆ 48, ನಿದ್ದೆಗೆ 49, ಪ್ರಯಾಣ, ತರಗತಿ, ಮನೆಗೆಲಸ, ಮಗಳು, ಅತ್ತೆಯವರ ಆರೈಕೆ ಎಲ್ಲಕ್ಕೂ ಸೇರಿ 60 ಕಳೆದಾಗ ಉಳಿದದ್ದು 11. (ನಿದ್ದೆಗೇ ಕತ್ತರಿ ಹಾಕಲು ಹೊರಟ ನನ್ನನ್ನು ತಾವು ಗದರಿದ್ದೂ ನೆನಪಿದೆ.)

ಆ ಗಂಟೆಗಳನ್ನು ಭಾನುವಾರಕ್ಕೆಂದು ಕೂಡಿಡದೆ ದಿನಕ್ಕಿಷ್ಟೆಂದು ಹಂಚಿಕೊಳ್ಳಬೇಕು, ಓದಿದ್ದನ್ನು ಮರುದಿನವೊಮ್ಮೆ, ವಾರದ ಬಳಿಕ ಇನ್ನೊಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು ಎಂದಿರಿ. ಮರೆವು ಮೊದಲು ವೇಗವಾಗಿಯೂ ಬರಬರುತ್ತ ನಿಧಾನವಾಗಿಯೂ ಸಾಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲೇ ತೋರಿಸಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ವಯಸ್ಸಾದ್ದರಿಂದ ಏನೂ ತಲೆಗೆ ಹತ್ತುತ್ತಿಲ್ಲವೆಂಬ ಕೊರಗು ಅರ್ಧಕ್ಕರ್ಧ ಕರಗಿದ್ದು ಮಾತ್ರ ಅಂದೇ.

ನಾನು ಹೆಸರು ಕೇಳುವಷ್ಟರಲ್ಲಿ ತಾವು ಎದ್ದು ಹೋಗಿದ್ದಿರಿ. ಸಂಖ್ಯಾಶಾಸ್ತ್ರದಲ್ಲಿ ತೇರ್ಗಡೆಯಾದೆ, ಅಂಕಗಳು ಹೇಳಿಕೊಳ್ಳುವಂಥವೇನಲ್ಲ. ಆ ಅರ್ಜಿಯ ಹಾಳೆ ಈಗಲೂ ನನ್ನ ಮೇಜಿನ ಗಾಜಿನಡಿಯಲ್ಲಿದೆ. ತಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.