ಪಿಟೀಲು ಕೊಟ್ಟುಬಿಟ್ಟೆ ಅಂದ ಮಗಳಿಗೆ

ಪುಟ್ಟಿ,

ಮೊನ್ನೆ ಮಾತಿನ ಮಧ್ಯದಲ್ಲೇ ಫೋನ್ ಇಟ್ಟುಬಿಟ್ಟೆ, ಬೇಜಾರು ಮಾಡ್ಕೋಬೇಡ. ಸಿಟ್ಟು ನಿನ್ನ ಮೇಲೆ ಅಷ್ಟಿಲ್ಲ, ನಿಮ್ಮ ಮೇಲ್ಮನೆಯವನ ಮೇಲೆ. ಸಂಜೆ ಅರ್ಧ ಗಂಟೆ ಪಿಟೀಲು ನುಡಿಸಿದ್ರೆ ಬಾಗಿಲಿಗೆ ಚೀಟಿ ಅಂಟಿಸ್ತಾನಂತೆ, ನೀನು ಅದನ್ನ ಓದಿ ಪಿಟೀಲನ್ನೇ ಯಾರಿಗೋ ಕೊಟ್ಟುಬಿಟ್ಯಂತೆ! ನಿಮ್ಮಮ್ಮ ಅಂದ್ಲು, ನಿಮ್ಮಿಬ್ಬರಿಗೂ ಫೋನಲ್ಲಿ ಮಾತಾಡೋಕೆ ಬರಲ್ಲ, ಕೂತು ಬರೀರಿ ಅಂತ. ಆ ಪಿಟೀಲು ಹೆಂಗೆ ಬಂತು, ಮೇಷ್ಟ್ರು ಏನಂತಿದ್ರು, ಅದೆಲ್ಲ ನಿಂಗೂ ಗೊತ್ತು ನಂಗೂ ಗೊತ್ತು, ಬಿಡು.

ನಾನು ಹೇಳ್ಬೇಕು ಅಂತಿರೋದು ಆಲಿಸ್ ಹೆರ್ಜ್-ಸೊಮರ್ ಅನ್ನೋ ಅಜ್ಜಿ ವಿಷಯ. ನೀನಿರೋ ಲಂಡನ್ನಲ್ಲೇ, ಬೆಲ್‌ಸೈಜ್ ಪಾರ್ಕಲ್ಲಿ, ಒಂದೇ ರೂಮಿನ ಮನೇಲಿದ್ರು. 2014ರ ಫೆಬ್ರವರಿಯಲ್ಲಿ ಹೋದ್ರು, 110 ವರ್ಷ ವಯಸ್ಸು. ಹುಟ್ಟಿದ್ದು 1903ರಲ್ಲಿ, ಪ್ರಾಗ್‌ನಲ್ಲಿ, ಕಾಫ್ಕಾ ಅನ್ನೋ ದೊಡ್ಡ ಲೇಖಕನೇ ಮನೆಗೆ ಬಂದು ಹೋಗ್ತಿದ್ದಂಥ ಸಂಸಾರ. ಪಿಯಾನೋ ನುಡಿಸೋವ್ರು. ಯಹೂದಿಗಳು, ಹಂಗಾಗಿ ನಾಜಿಗಳು ಬಂದ್ಮೇಲೆ ಏನಾಯ್ತು ಅಂತ ನಿಂಗೆ ಹೇಳ್ಬೇಕಾಗಿಲ್ಲ. 1942ರಲ್ಲಿ ಅವರ ವಯಸ್ಸಾದ ತಾಯಿನ ಕ್ಯಾಂಪಿಗೆ ಕಳಿಸಿದ್ರು. ಮಗಳೇ ಜೊತೇಲಿ ಹೋಗಿ ಬಿಟ್ಟು ಬರ್ಬೇಕಾಯ್ತು. ಬದುಕಲ್ಲಿ ಅದಕ್ಕಿಂತ ಕೆಟ್ಟ ದಿನ ನೋಡಿಲ್ಲ ಅಂತ ಆಮೇಲೆ ಹೇಳ್ತಿದ್ರು. ಗಂಡ ಸಮಾಧಾನ ಮಾಡಿದ್ರೂ ಕೇಳಲ್ಲ, ಮಗುವಿನ ಮುಖ ನೋಡಿದ್ರೂ ಆಗಲ್ಲ, ಕೊನೆಗೆ ಶೋಪ್ಯಾನ್ ಅನ್ನೋ ಸಂಗೀತಗಾರನ 24 ಎಟ್ಯೂಡ್ ಹಿಡ್ಕೊಂಡು ಕೂತ್ರು. ನಮ್ಮ ವರ್ಣಗಳ ಥರ ಅನ್ಕೋ, ಆದ್ರೆ ಎಂಥೆಂಥ ಪಿಯಾನಿಸ್ಟುಗಳೂ ಹೆದರೋವಷ್ಟು ಕಷ್ಟದವು. ದಿನಾ ಗಂಟೆಗಟ್ಟಲೆ.

ಅವರ ಮೇಲ್ಮನೇಲೂ ಒಬ್ಬ ಇದ್ದ, ನಾಜಿ. 1943ರ ಜುಲೈಯಲ್ಲಿ ಗಂಡ ಹೆಂಡತಿ, ಆರು ವರ್ಷದ ಮಗ, ಮೂವರಿಗೂ ಟೆರೆಜಿನ್ ಕ್ಯಾಂಪಿಗೆ ಹೊರಡೋ ಆರ್ಡರ್ ಬಂತು. ಹಿಂದಿನ ರಾತ್ರಿ ಅಕ್ಕಪಕ್ಕದವರು, ಪರಿಚಯದೋರೇ, ಮನೆಯೊಳಗೆ ಬಂದು ಅವರ ಕಣ್ಣೆದುರೇ ಕಾರ್ಪೆಟ್ಟು ಚಿತ್ರಪಟ ಎತ್ಕೊಂಡು ಹೋದ್ರಂತೆ. ಈ ಮೇಲ್ಮನೆಯವನು ಮಾತ್ರ ಕೆಳಗಿಳಿದು ಬಂದು, ನಿಮ್ಮ ವಾದನಕ್ಕೆ ಥ್ಯಾಂಕ್ಸ್, ಸಂಸಾರ ಸಮೇತ ವಾಪಸ್ ಬರೋ ಹಂಗಾಗಲಿ ಅಂದನಂತೆ.

ನಂಗೆ ಇದನ್ನ ಬಿಡೋಕೇ ಆಗ್ತಿಲ್ಲ ಪುಟ್ಟಿ. ವರ್ಷದ ಮೇಲಾಯ್ತು ಕೇಳಿ, ಈಗಲೂ ರಾತ್ರಿ ಎಚ್ಚರ ಆದ್ರೆ ಅವನೇ. ದಿನಾ ಕೇಳಿದಾನೆ. ಎಲ್ಲಿ ತಪ್ತಾರೆ, ಯಾವ ಜಾಗನ ಎಷ್ಟು ಸಲ ತಿರುಗಿಸಿ ಬಾರಿಸ್ತಾರೆ ಎಲ್ಲ ಗೊತ್ತಿರ್ಬೇಕು ಅವನಿಗೆ, ಸಾಧಕ ಕೇಳೋವ್ರಿಗೆ ಅದು ಗೊತ್ತಾಗೇ ಆಗತ್ತೆ, ಕಚೇರಿ ಕೇಳೋವ್ರಿಗಿಂತ ಜಾಸ್ತಿ. ಆಮೇಲೆ ಥ್ಯಾಂಕ್ಸ್ ಹೇಳಿ ಮೆಟ್ಟಿಲು ಹತ್ತಿ ಹೋಗಿ ಮಲಗಿದ, ಬೆಳಗ್ಗೆ ಇವರು ಗಂಟುಮೂಟೆ ಹೊತ್ಕೊಂಡು ಹೊರಟ್ರು. ಅಜ್ಜಿ ಅವನ ಬಗ್ಗೆ ಒಳ್ಳೇದೇ ಹೇಳ್ತಾರೆ, ಆ ಮನೆಯಲ್ಲಿ ಮನುಷ್ಯ ಅಂತಿದ್ದೋನು ಅವನೊಬ್ಬನೇ ಅನ್ನೋ ಹಾಗೆ. ನಂಗೆ ಅಷ್ಟು ದೊಡ್ಡತನ ಇಲ್ಲಪ್ಪ. ಕೇಳೋದು ಅಂದ್ರೆ ಇಷ್ಟೇನಾ ಅನ್ಸತ್ತೆ. ನಾನೂ ಪೇಪರ್ ಹಿಡ್ಕೊಂಡು ಗೋಡೆ ಈಚೆ ಕೂತು ನಿನ್ನ ಭೈರವಿ ಕೇಳ್ದೋನೇ ಅಲ್ವಾ, ಕೇಳಿ ತಲೆದೂಗಿ ಫೀಸು ಕಟ್ಟಿದ್ದು ಇಂಜಿನಿಯರಿಂಗ್ ಕಾಲೇಜಿಗೆ.

ಸರಿ, ಅದು ಬೇರೆ ಮಾತು.

ಟೆರೆಜಿನ್‌ನಲ್ಲಿ ಅವರು 100ಕ್ಕೂ ಹೆಚ್ಚು ಕಚೇರಿ ಮಾಡಿದ್ರು, ಆ 24ನ್ನೂ ಪುಸ್ತಕ ಇಲ್ದೇ. ಕೂತಿರೋವ್ರೆಲ್ಲ ಹಸಿದವರು, ಕಾಯಿಲೆಯವರು, ಮುದುಕರು. ಸಂಗೀತವೇ ನಮಗೆ ಊಟ ಆಗಿತ್ತು ಅಂತ ಅಜ್ಜಿ ಹೇಳ್ತಾರೆ, ಜನ ಅದನ್ನ ವಾಟ್ಸಾಪಲ್ಲಿ ಹೂವಿನ ಫೋಟೋ ಹಾಕಿ ಫಾರ್ವರ್ಡ್ ಮಾಡ್ತಾರೆ. ಆದ್ರೆ ಅಲ್ಲಿ ಸುಮಾರು 33,000 ಜನ ಹಸಿವು ಕಾಯಿಲೆಯಲ್ಲೇ ಸತ್ರು. ಮಕ್ಕಳು ಆಡಿದ 'ಬ್ರುಂಡಿಬಾರ್' ಅಂತ ಒಂದು ಆಪೆರಾ, ಅಜ್ಜಿಯ ಮಗನೂ ಅದರಲ್ಲಿ ಗುಬ್ಬಚ್ಚಿ ಆಗಿದ್ದ, ಅದಕ್ಕೆ ಸಂಗೀತ ಮಾಡಿದ ಹಾನ್ಸ್ ಕ್ರಾಸಾನ 1944ರಲ್ಲಿ ಆಶ್‌ವಿಟ್ಸ್‌ಗೆ ಕಳಿಸಿ ಕೊಂದ್ರು. ಅವನಿಗೇನು ಸಂಗೀತ ಕಮ್ಮಿ ಇತ್ತಾ? ಅಜ್ಜಿ ಉಳಿದಿದ್ದಕ್ಕೆ ಬೇರೆ ಕ್ಯಾಂಪಿಗೆ ಒಯ್ಯೋವಾಗ ಗಂಡ ಹೇಳಿಹೋದ ಮಾತೂ ಒಂದು ಕಾರಣ. ಏನಕ್ಕೂ ನೀನಾಗಿ ನೀನು ಹೆಸರು ಕೊಡಬೇಡ ಅಂದಿದ್ರಂತೆ. ಆಮೇಲೆ ಗಂಡಂದಿರ ಹತ್ರ ಹೋಗೋರು ಬನ್ನಿ ಅಂತ ಹೆಂಗಸರನ್ನ ಕರೆದಾಗ ಇವರು ಹೋಗಲಿಲ್ಲ. ಹೋದೋರು ಬರಲಿಲ್ಲ. ಗಂಡ 1945ರಲ್ಲಿ ಡಾಖಾವ್ ಅನ್ನೋ ಕ್ಯಾಂಪಲ್ಲಿ ತೀರ್ಕೊಂಡ್ರು.

ಅದಕ್ಕೇ ಸಂಗೀತ ನಿನ್ನ ಕಾಪಾಡತ್ತೆ ಅಂತ ನಾನು ಹೇಳಲ್ಲ. ನಂಗೆ ಹಿಡಿಸಿದ್ದು ಆಮೇಲಿನ ವರ್ಷಗಳು. 1949ರಲ್ಲಿ ಇಸ್ರೇಲಿಗೆ ಹೋಗಿ ಜೆರುಸಲೇಮಲ್ಲಿ ಪಾಠ ಹೇಳಿದ್ರು, 1986ರಲ್ಲಿ ಮಗನ ಹತ್ರ ಇರೋಣ ಅಂತ ಲಂಡನ್ನಿಗೆ ಬಂದ್ರು. ಮಗ ಒಳ್ಳೇ ಚೆಲ್ಲೋ ವಾದಕ ಆಗಿದ್ದ, 2001ರಲ್ಲಿ ಅವನೂ ಹೋಗ್ಬಿಟ್ಟ. ತಾಯಿಗೆ ಆಗ 97 ದಾಟಿತ್ತು. ಮತ್ತೆ ಪಿಯಾನೋ ಮುಂದೆ ಕೂತ್ರು. ಎರಡು ಬೆರಳು ಸೆಟೆದು ಹೋದ್ರೆ ಉಳಿದ ಎಂಟರಲ್ಲೇ ನುಡಿಸಿದ್ರು, ದಿನಾ ಬೆಳಗ್ಗೆ, ನೂರು ದಾಟಿದ ಮೇಲೂ. ಆ ಬಿಲ್ಡಿಂಗಲ್ಲೂ ಮೇಲೆ ಕೆಳಗೆ ಜನ ಇದ್ರಲ್ಲ, ಕೇಳಿಸ್ಕೊಂಡೇ ಬದುಕ್ತಿದ್ರು. ನಿಂಗೆ ಹತ್ತಕ್ಕೆ ಹತ್ತು ಬೆರಳೂ ಸರಿಯಾಗಿವೆ! ಮಗು, ಆಫೀಸು, ಟೈಮಿಲ್ಲ ಅಂತೀಯ, ಹತ್ತು ನಿಮಿಷ ಇಲ್ವಾ? ಸರಳೆ ಜಂಟಿ ಸಾಕು, ಕೈ ಬಿಡಬಾರ್ದು ಅಷ್ಟೆ. ನೋಡು, ಲೆಕ್ಚರ್ ಕೊಡಲ್ಲ ಅಂತ ನಿಮ್ಮಮ್ಮಂಗೆ ಮಾತು ಕೊಟ್ಟು ಕೂತಿದ್ದೆ.

ನೀನು ನುಡಿಸ್ತೀಯ ಅನ್ನೋದನ್ನ ನಾನು ಬ್ಯಾಂಕಲ್ಲಿ ಎಲ್ರಿಗೂ ಹೇಳ್ಕೊಂಡು ತಿರುಗ್ತಿದ್ದೆ, ನಿಂಗೆ ಮಾತ್ರ ಒಂದ್ಸಲನೂ ಹೇಳಿಲ್ಲ ಅಂತ ಅಮ್ಮ ಬೈತಾಳೆ. ಇರಲಿ. ಯಾರಿಗೆ ಕೊಟ್ಟೆಯೋ ಅವರನ್ನ ಒಂದು ಮಾತು ಕೇಳಿ ನೋಡು, ನಾಚಿಕೆ ಪಡಬೇಡ. ಕೊಡಲ್ಲ ಅಂದ್ರೆ ಇಲ್ಲಿಂದ ಬರೋವ್ರ ಕೈಲಿ ಬೇರೆ ಕಳಿಸ್ತೀನಿ. ಮ್ಯೂಟ್ ಅಂತ ಒಂದು ಸಿಗತ್ತೆ, ಕುದುರೆ ಮೇಲೆ ಸಿಕ್ಕಿಸೋದು, ರಬ್ಬರಿಂದು, ಸದ್ದು ಅರ್ಧಕ್ಕರ್ಧ ಕಮ್ಮಿ ಆಗತ್ತೆ, ನಿಮ್ಮ ಮೇಲ್ಮನೆಯ ಮಹಾರಾಯನೂ ನಿದ್ದೆ ಮಾಡ್ಲಿ. ದುಡ್ಡು ಎಷ್ಟು ಅಂತ ಹೇಳು, ಹಾಕ್ತೀನಿ.

ಅಪ್ಪ