ಪ್ಯಾಡ್ ಹೊಸದಾದರೆ ಸಾಲದು, ಪಿನ್ನೂ ಜಾರಬೇಕು

ಮಾನ್ಯ ಸಂಪಾದಕರೇ,

ಕಾರಿನ ಬ್ರೇಕ್ ಪ್ಯಾಡನ್ನು ಮನೆಯಂಗಳದಲ್ಲೇ ಬದಲಿಸುವುದನ್ನು ತೋರಿಸುವ ಚಿಕ್ಕ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಕೈಕೆಲಸ ಬಲ್ಲವರು ಕಲಿಯಬಹುದಾದ ಕೆಲಸವೇ ಇದು, ಬೇಡವೆನ್ನುವುದಿಲ್ಲ. ಆದರೆ ಹಳೆಯದು ತೆಗಿ, ಹೊಸದು ಕೂರಿಸು, ಚಕ್ರ ಬಿಗಿ ಎನ್ನುವಲ್ಲಿಗೆ ಮುಗಿಸುವ ಈ ವಿಡಿಯೊಗಳು ಮುಖ್ಯವಾದದ್ದನ್ನೇ, ಅಂದರೆ ಪ್ಯಾಡನ್ನು ಒತ್ತುವ ಭಾಗ ಜಾರುವ ಪಿನ್ನುಗಳ ಶುಚಿಯನ್ನೇ, ಬಿಡುತ್ತವೆ. ಅವಸರದ ಗ್ಯಾರೇಜುಗಳಲ್ಲೂ ಬಿಟ್ಟುಹೋಗುವುದು ಅದೇ. ಶಿರಾಡಿ, ಚಾರ್ಮಾಡಿ, ಆಗುಂಬೆ ಇಳಿದು ಹತ್ತುವವರು ನಿಮ್ಮ ಓದುಗರಲ್ಲಿ ಬಹಳ ಮಂದಿ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾನು ಹೇಳುತ್ತಿರುವುದು ಮುಂದಿನ ಡಿಸ್ಕಿನ ಬಗ್ಗೆ ಮಾತ್ರ, ಅಂದರೆ ಚಕ್ರದೊಂದಿಗೆ ತಿರುಗುವ, ಒಳಗೊಂದು ಹೊರಗೊಂದು ಪ್ಯಾಡ್ ಹಿಡಿದು ನಿಲ್ಲಿಸುವ ತಟ್ಟೆ. ಹೊಸ ಪ್ಯಾಡಿನಲ್ಲಿ ಸವೆಯುವ ಪದರ ಸುಮಾರು 10 ಮಿ.ಮೀ. ಇರುತ್ತದೆ; 3 ಮಿ.ಮೀ.ಗೆ ಬಂತೆಂದರೆ ಬದಲಿಸಬೇಕು. ಬಹಳಷ್ಟು ಪ್ಯಾಡುಗಳಲ್ಲಿ ಒಂದು ತಗಡಿನ ನಾಲಿಗೆ ಇದ್ದು, ಸವೆತ ಮಿತಿ ಮುಟ್ಟಿದಾಗ ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುತ್ತದೆ. ಆ ಸದ್ದು ಹೋಗಿ ಗರಗರ ಶುರುವಾದರೆ ಪದರ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದರ್ಥ. ಆಮೇಲೆ ಡಿಸ್ಕೂ ಹಾಳು.

ಮೊದಲು ಕಾರು ಎತ್ತುವ ವಿಚಾರ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಗೇರ್, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಕಾರಿನ ಜೊತೆ ಬರುವ ಜಾಕ್ ಎತ್ತುವುದಕ್ಕೆ ಮಾತ್ರ; ಭಾರ ಹೊರಲು ಆಕ್ಸಲ್ ಸ್ಟ್ಯಾಂಡ್ ಬೇಕೇ ಬೇಕು. ಸಿಮೆಂಟಿನ ಹಾಲೋ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಯಾವ ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿಡುವುದು ಒಳ್ಳೆಯ ಅಭ್ಯಾಸ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದರೆ ಹೆಚ್ಚಿನ ಕಾರುಗಳಲ್ಲಿ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಎರಡೂ ಬೋಲ್ಟ್ ತೆಗೆಯಬೇಕಾಗಿ ಬಂದರೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ಬ್ರೇಕ್ ಆಯಿಲ್ ತರುವ ರಬ್ಬರ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಬ್ರೇಕಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲವು ಪ್ಯಾಡುಗಳ ಧೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು.

ಇನ್ನು ವಿಡಿಯೊಗಳು ಹೇಳದ ಭಾಗ. ಹಳೆಯ ನಾಲ್ಕು ಪ್ಯಾಡುಗಳನ್ನು ಎಸೆಯುವ ಮೊದಲು ಸಾಲಾಗಿಟ್ಟು ನೋಡಿ. ಒಂದೇ ಚಕ್ರದ ಒಳಗಿನ ಪ್ಯಾಡ್ ತೀರಾ ಸವೆದು ಹೊರಗಿನದು ದಪ್ಪಗೇ ಇದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ, ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಒಂದು ತುದಿ ತೆಳು, ಇನ್ನೊಂದು ತುದಿ ದಪ್ಪ ಎಂದಾದರೆ ಎರಡು ಪಿನ್ನುಗಳಲ್ಲಿ ಒಂದು ಸಿಕ್ಕಿಕೊಂಡಿರುತ್ತದೆ ಅಥವಾ ಪ್ಯಾಡಿನ ಕಿವಿ (ಬ್ರಾಕೆಟ್ಟಿನಲ್ಲಿ ಕೂರುವ ತುದಿ) ತುಕ್ಕಿನಲ್ಲಿ ಕಚ್ಚಿರುತ್ತದೆ. ಇದನ್ನು ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ಅಷ್ಟೇ ಅಲ್ಲ, ಪ್ಯಾಡ್ ಸದಾ ಉಜ್ಜುತ್ತಲೇ ಇರುವುದರಿಂದ ಡಿಸ್ಕ್ ಕಾದು, ಘಾಟಿ ಇಳಿಯುವಾಗ ಬೇಕಾದ ಹಿಡಿತವೇ ಸಿಗುವುದಿಲ್ಲ.

ಪಿನ್ನುಗಳನ್ನು ಹೊರಗೆಳೆದು ಹಳೆ ಗ್ರೀಸ್ ಪೂರ್ತಿ ಒರೆಸಬೇಕು. ಎರಡೂ ಒಂದೇ ರೀತಿ ಇರಬೇಕೆಂದಿಲ್ಲ, ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಹಾಕಬೇಕಾದ್ದು ಹೆಚ್ಚು ಶಾಖ ತಡೆಯುವ ಸಿಲಿಕೋನ್ ಬ್ರೇಕ್ ಗ್ರೀಸ್, ಅದೂ ತೆಳ್ಳಗೆ. ಮನೆಯಲ್ಲಿರುವ ಬೇರಿಂಗ್ ಗ್ರೀಸ್ ಸವರಿದರೆ ಪಿನ್ ಮುಚ್ಚುವ ರಬ್ಬರ್ ಬೂಟು ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಪ್ಯಾಡ್ ಕೂರುವ ಬ್ರಾಕೆಟ್ಟಿನ ಕ್ಲಿಪ್ ತೆಗೆದು ಅದರಡಿಯ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ. ಕರಾವಳಿಯ ಉಪ್ಪು ಗಾಳಿ, ಮಲೆನಾಡಿನ ಮಳೆ ಎರಡಕ್ಕೂ ಇದು ಪ್ರಿಯವಾದ ಜಾಗ. ಹೊಸ ಪ್ಯಾಡ್ ಬೆರಳಿನ ಒತ್ತಡಕ್ಕೆ ಸರಾಗ ಜಾರಬೇಕು. ಸುತ್ತಿಗೆ ಬೇಕಾಯಿತೆಂದರೆ ತುಕ್ಕು ಇನ್ನೂ ಇದೆ.

ಪಿಸ್ಟನ್ ಒಳಗೆ ತಳ್ಳುವ ಮೊದಲು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ. ನಡುವೆ ಯಾರಾದರೂ ತುಂಬಿಸಿದ್ದರೆ ಪಿಸ್ಟನ್ ಒತ್ತಿದಾಗ ಉಕ್ಕಿ ಬಣ್ಣ ಕಿತ್ತುಹಾಕುತ್ತದೆ. ಹೆಚ್ಚಿದ್ದರೆ ಸಿರಿಂಜಿನಿಂದ ತೆಗೆಯಿರಿ, ತೆಗೆದದ್ದನ್ನು ಮತ್ತೆ ಸುರಿಯಬೇಡಿ. ಹಳೆಯ ಪ್ಯಾಡನ್ನೇ ಅಡ್ಡವಿಟ್ಟು ಸಿ ಕ್ಲ್ಯಾಂಪಿನಿಂದ ನಿಧಾನ ಒತ್ತಿ. ಪಿಸ್ಟನ್ ಸರಿಯದಿದ್ದರೆ, ಅದರ ರಬ್ಬರ್ ಹರಿದಿದ್ದರೆ ಅಥವಾ ಆಯಿಲ್ ಜಿನುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಅಂಗಳದ ಕೆಲಸವಲ್ಲ. ಕ್ಯಾಲಿಪರ್ ಹೊರಗಿರುವಾಗ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಕಳಚಿ ಬೀಳುತ್ತದೆ.

ಆಯಿಲ್ ಬಗ್ಗೆ ಇನ್ನೊಂದು ಮಾತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯದನ್ನೇ ಬಳಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಂಜಿನ್ ಆಯಿಲ್ ಒಂದು ಹನಿಯೂ ಅಲ್ಲಿಗೆ ಹೋಗಬಾರದು.

ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ, ಅಳೆದು ನೋಡಿ. ಪ್ಯಾಡುಗಳನ್ನು ಎರಡೂ ಕಡೆ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಕ್ಯಾಲಿಪರ್ ಬೋಲ್ಟುಗಳು ಚಿಕ್ಕವು, ಚಕ್ರದ ನಟ್ಟಿನಷ್ಟು ಬಲ ಹಾಕಿದರೆ ಥ್ರೆಡ್ ಹೋಗುತ್ತದೆ. ಚಕ್ರದ ನಟ್ಟುಗಳನ್ನು ಎದುರು ಬದುರಾಗಿ, ಕಾರಿನ ಪುಸ್ತಕ ಹೇಳಿದಷ್ಟೇ ಬಿಗಿಯಿರಿ.

ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಲೇಬೇಕು. ಒಳಗೆ ತಳ್ಳಿದ ಪಿಸ್ಟನ್ ಹೊರಬಂದು ಪ್ಯಾಡ್ ಮುಟ್ಟುವವರೆಗೆ ಬ್ರೇಕ್ ಇಲ್ಲವೇ ಇಲ್ಲ. ಗೇಟಿಗೆ ಗುದ್ದುವುದು ಹೀಗೆಯೇ. ಅನಂತರ ಆಯಿಲ್ ಮಟ್ಟ ನೋಡಿ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಮೆಲ್ಲನೆ ಇಳಿಸುವುದನ್ನು ಎಂಟು ಹತ್ತು ಬಾರಿ ಮಾಡಿ, ನಡುನಡುವೆ ತಣಿಯಲು ಬಿಡಿ. ಅದೇ ದಿನ ಘಾಟಿ ಇಳಿಯಬೇಡಿ. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್ ಬ್ರೇಕ್ ಸ್ವಿಚ್ಚಿನದಾಗಿದ್ದರೆ ಹಿಂದಿನದಕ್ಕೆ ಕೈ ಹಾಕಬೇಡಿ, ಅದಕ್ಕೆ ಹೆಚ್ಚಾಗಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು.

ಗ್ಯಾರೇಜಿಗೇ ಕೊಡುವವರು ಎರಡು ಬೇಡಿಕೆ ಇಡಿ: ಹಳೆಯ ನಾಲ್ಕೂ ಪ್ಯಾಡುಗಳನ್ನು ಯಾವುದು ಯಾವ ಚಕ್ರದ್ದೆಂದು ಗುರುತು ಮಾಡಿ ಕೈಗೆ ಕೊಡಲಿ, ಮತ್ತು ಪಿನ್ ಬಿಚ್ಚಿ ಗ್ರೀಸ್ ಹಾಕಿದ್ದನ್ನು ಬಿಲ್ಲಿನಲ್ಲಿ ಬರೆಯಲಿ.

– ಮೋಟಾರು ಮೆಕ್ಯಾನಿಕ್, ಸಕಲೇಶಪುರ